ಟೊಯೊಟಾ, ಹೋಂಡಾ, ಸುಜುಕಿ: ಐದು ವರ್ಷ ಓಡಿಸಿದವರು ಏನನ್ನು ಹೊಗಳುತ್ತಾರೆ, ನಿಮಗೆ ಯಾವುದು ಒಗ್ಗುತ್ತದೆ?

ಜಪಾನಿ ಕಾರನ್ನೇ ಕೊಳ್ಳಬೇಕು ಎಂದು ತೀರ್ಮಾನಿಸಿದವರಿಗೆ ನಮ್ಮಲ್ಲಿ ನಿಜವಾಗಿ ಎದುರಾಗುವ ಆಯ್ಕೆ ಮೂರೇ: ಟೊಯೊಟಾ, ಹೋಂಡಾ, ಮಾರುತಿ ಸುಜುಕಿ. ಮೈಲೇಜ್ ಎಷ್ಟು, ಆನ್‌ರೋಡ್ ಬೆಲೆ ಎಷ್ಟು ಎಂಬ ಪ್ರಶ್ನೆಗಳಿಗೆ ಷೋರೂಮಿನಲ್ಲೇ ಉತ್ತರ ಸಿಗುತ್ತದೆ. ಸಾಲದ ಕಂತು ತೀರುವ ಹೊತ್ತಿಗೆ ಈ ಗಾಡಿಯ ಬಗ್ಗೆ ನನಗೆ ಏನನ್ನಿಸುತ್ತಿರುತ್ತದೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಅದನ್ನು ತಿಳಿಯಬೇಕೆಂದರೆ ಆ ಕಂಪನಿ ಹೇಗೆ ಬೆಳೆದುಬಂತು ಎಂದು ನೋಡಬೇಕು, ಜೊತೆಗೆ ಅದೇ ಕಾರನ್ನು ಐದು ವರ್ಷ ಓಡಿಸಿದವರನ್ನು ಮಾತಾಡಿಸಬೇಕು. ಟೊಯೊಟಾ ಇಟ್ಟುಕೊಂಡವರು ಹೊಗಳುವುದು ಒಂದನ್ನು, ಹೋಂಡಾದವರು ಇನ್ನೊಂದನ್ನು, ಮಾರುತಿಯವರು ಮತ್ತೊಂದನ್ನು. ಈ ವ್ಯತ್ಯಾಸ ಆಕಸ್ಮಿಕವಲ್ಲ, ಆ ಮೂರು ಕಂಪನಿಗಳ ಹುಟ್ಟಿನಲ್ಲೇ ಇದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಒಂದೇ ಸೀಮೆಯ ಮೂವರು

ಜಪಾನಿನ ಶಿಜುವೋಕಾ ಪ್ರಾಂತ್ಯದ ಪಶ್ಚಿಮ ತುದಿಯಲ್ಲಿ ಹಮಾಮಾತ್ಸು ಎಂಬ ಊರಿದೆ. ಹತ್ತಿ ನೇಯ್ಗೆಗೆ ಹೆಸರಾದ ಸೀಮೆ ಅದು. ಸುಜುಕಿ ಸ್ಥಾಪಿಸಿದ ಮಿಚಿಯೊ ಸುಜುಕಿ ಅಲ್ಲಿಯವರು. ಹೋಂಡಾ ಕಟ್ಟಿದ ಸೋಯಿಚಿರೊ ಹೋಂಡಾ 1906ರಲ್ಲಿ ಹುಟ್ಟಿದ ಹಳ್ಳಿ ಈಗ ಅದೇ ನಗರಕ್ಕೆ ಸೇರಿದೆ. ಟೊಯೊಟಾದ ಮೂಲಪುರುಷ ಸಾಕಿಚಿ ಟೊಯೋಡಾ ಹುಟ್ಟಿದ್ದು ಪಕ್ಕದ ಕೊಸಾಯಿಯಲ್ಲಿ. ಇವರಲ್ಲಿ ಇಬ್ಬರು ಮಗ್ಗ ಮಾಡುತ್ತಿದ್ದವರು.

ಸಾಕಿಚಿಯವರ ಮಗ್ಗಕ್ಕೆ ಒಂದು ವಿಶೇಷ ಗುಣವಿತ್ತು. ನೂಲು ಹರಿದರೆ ಮಗ್ಗ ತಾನಾಗಿ ನಿಲ್ಲುತ್ತಿತ್ತು. ಹರಿದ ನೂಲಿನಲ್ಲೇ ನೇಯ್ದು ಮೂರು ಗಜ ಬಟ್ಟೆ ಹಾಳುಮಾಡುವುದಕ್ಕಿಂತ ನಿಂತು ಸರಿಪಡಿಸುವುದು ಮೇಲು ಎಂಬ ಲೆಕ್ಕ. 1924ರ 'ಜಿ' ಮಾದರಿಯ ಸ್ವಯಂಚಾಲಿತ ಮಗ್ಗದ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪನಿಗೆ ಮಾರಿದರು. ಮಗ ಕಿಯಿಚಿರೊ ಕಾರಿನ ಪ್ರಯೋಗಕ್ಕೆ ಇಳಿದರು, 1937ರಲ್ಲಿ ಟೊಯೊಟಾ ಮೋಟಾರ್ ಕಂಪನಿ ಹುಟ್ಟಿತು. ಮಗ್ಗದ ಆ ತತ್ವವೇ ಮುಂದೆ ಕಾರ್ಖಾನೆಯ ನಿಯಮವಾಯಿತು. ಜೋಡಣಾ ಸಾಲಿನಲ್ಲಿ ದೋಷ ಕಂಡ ಕಾರ್ಮಿಕ ಹಗ್ಗ ಎಳೆದು ಇಡೀ ಸಾಲನ್ನು ನಿಲ್ಲಿಸಬಹುದು. ಕಂಪನಿಯ ಎಂಜಿನಿಯರ್ ತಾಯಿಚಿ ಓನೊ ಇದಕ್ಕೆ ಬೇಕಾದಾಗ ಬೇಕಾದಷ್ಟೇ ಬಿಡಿಭಾಗ ತರಿಸುವ ಪದ್ಧತಿಯನ್ನು ಸೇರಿಸಿದರು. ಟೊಯೊಟಾ ಹೊಸ ತಂತ್ರಜ್ಞಾನವನ್ನು ನಿಧಾನವಾಗಿ ತರುತ್ತದೆ, ಹಳೆಯ ಎಂಜಿನ್ನನ್ನೇ ವರ್ಷಗಟ್ಟಲೆ ತಿದ್ದುತ್ತ ಬಳಸುತ್ತದೆ ಎಂಬ ದೂರು ಸದಾ ಕೇಳಿಬರುತ್ತದೆ. ಆ ದೂರಿಗೂ, ಅದರ ಕಾರು ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ ಎಂಬ ಮೆಚ್ಚುಗೆಗೂ ಕಾರಣ ಒಂದೇ.

ಸೋಯಿಚಿರೊ ಹೋಂಡಾ ಬೇರೆಯೇ ಬಗೆಯ ಮನುಷ್ಯ. ಹಳ್ಳಿಯ ಕಮ್ಮಾರನ ಮಗ, ಟೋಕಿಯೋದ ಗ್ಯಾರೇಜಿನಲ್ಲಿ ಕೆಲಸ ಕಲಿತವರು. ಯುದ್ಧಕ್ಕೆ ಮುಂಚೆ ಪಿಸ್ಟನ್ ರಿಂಗ್ ಮಾಡಿ ಟೊಯೊಟಾಕ್ಕೇ ಒದಗಿಸುತ್ತಿದ್ದರು. ಬಾಂಬ್ ದಾಳಿ ಮತ್ತು 1945ರ ಭೂಕಂಪದಲ್ಲಿ ಕಾರ್ಖಾನೆಗಳು ಹಾಳಾದ ಮೇಲೆ ಉಳಿದದ್ದನ್ನೂ ಟೊಯೊಟಾಕ್ಕೇ ಮಾರಿದರು. 1946ರಲ್ಲಿ ಸೈನ್ಯದ ರೇಡಿಯೊ ಜನರೇಟರಿನ ಪುಟ್ಟ ಎಂಜಿನ್ನುಗಳನ್ನು ಸೈಕಲ್ಲಿಗೆ ಕಟ್ಟಿ ಮಾರಲು ಶುರುಮಾಡಿದರು. 1948ರಲ್ಲಿ ಹೋಂಡಾ ಮೋಟಾರ್ ಸ್ಥಾಪನೆಯಾಯಿತು. ಅಲ್ಲಿಂದ ರೇಸ್: 1959ರಲ್ಲಿ ಐಲ್ ಆಫ್ ಮ್ಯಾನ್ ಟಿಟಿ ಬೈಕ್ ರೇಸ್, 1961ರಲ್ಲಿ ಅಲ್ಲೇ ಗೆಲುವು, ಆಮೇಲೆ ಫಾರ್ಮುಲಾ ಒನ್. ಮೊದಲ ಕಾರು ಬಂದದ್ದು 1963ರಲ್ಲಿ. ಹೊಸಬರು ಕಾರು ಉದ್ಯಮಕ್ಕೆ ಬರುವುದು ಜಪಾನ್ ಸರ್ಕಾರಕ್ಕೆ ಬೇಕಿರಲಿಲ್ಲ, ಹೋಂಡಾ ಆ ವಿರೋಧ ಕಟ್ಟಿಕೊಂಡೇ ಬಂದರು. ಎಪ್ಪತ್ತರ ದಶಕದಲ್ಲಿ ಅಮೆರಿಕ ಹೊಗೆಯ ಕಾಯ್ದೆ ಬಿಗಿಗೊಳಿಸಿದಾಗ ದೊಡ್ಡ ಕಂಪನಿಗಳು ಆಗದು ಎಂದವು. ಹೋಂಡಾ ಸಿವಿಕ್‌ನ ಸಿವಿಸಿಸಿ ಎಂಜಿನ್, ಹೊಗೆ ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರ್ ಇಲ್ಲದೆಯೇ ಆ ಮಿತಿಯೊಳಗೆ ಬಂತು. ಎಂಜಿನ್ನೇ ಕಂಪನಿ, ಉಳಿದದ್ದೆಲ್ಲ ಅದರ ಸುತ್ತ.

ಸುಜುಕಿಯದು ಮಿತವ್ಯಯದ ಕಥೆ. 1909ರಲ್ಲಿ ಮಗ್ಗದ ಕಾರ್ಖಾನೆ, 1955ರಲ್ಲಿ ಮೊದಲ ಪುಟ್ಟ ಕಾರು, 1979ರಲ್ಲಿ 4,70,000 ಯೆನ್ ಬೆಲೆಯ ಆಲ್ಟೊ. ಆಗಿನ ಜಪಾನಿನಲ್ಲಿ ಅಷ್ಟು ಅಗ್ಗದ ಕಾರು ಸುದ್ದಿಯಾಯಿತು. ಅಳಿಯನಾಗಿ ಮನೆಗೆ ಬಂದು 1978ರಲ್ಲಿ ಅಧ್ಯಕ್ಷರಾದ ಒಸಾಮು ಸುಜುಕಿ ಪ್ರತಿ ಗ್ರಾಂ ತೂಕ, ಪ್ರತಿ ಯೆನ್ ಖರ್ಚನ್ನು ಲೆಕ್ಕ ಹಾಕುವ ಸಂಸ್ಕೃತಿ ತಂದರು. ಭಾರತ ಸರ್ಕಾರ ತನ್ನ ಮಾರುತಿ ಕಂಪನಿಗೆ ಪಾಲುದಾರರನ್ನು ಹುಡುಕುತ್ತಿದ್ದಾಗ ಮುಂದೆ ಬಂದು 1982ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವರೂ ಅವರೇ. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಯನ್ನು ಇಂದಿರಾ ಗಾಂಧಿ ಗ್ರಾಹಕರ ಕೈಗಿಟ್ಟರು. ಒಸಾಮು 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು, ಮರುವರ್ಷ ಭಾರತ ಅವರಿಗೆ ಮರಣೋತ್ತರ ಪದ್ಮವಿಭೂಷಣ ಕೊಟ್ಟಿತು. ನನ್ನ ಪ್ರಕಾರ ಅದು ಪೂರ್ತಿ ಸಲ್ಲತಕ್ಕ ಗೌರವ. ಸ್ಕೂಟರಿನಲ್ಲಿ ನಾಲ್ಕು ಜನ ಹೋಗುತ್ತಿದ್ದ ಲಕ್ಷಾಂತರ ಕುಟುಂಬಗಳಿಗೆ ತಲೆಯ ಮೇಲೆ ಸೂರು ಸಿಕ್ಕಿದ್ದು ಆ ಪುಟ್ಟ 796 ಸಿಸಿ ಕಾರಿನಿಂದ.

ತೃಪ್ತಿಯ ಸಮೀಕ್ಷೆಗಳನ್ನು ಓದುವ ಬಗೆ

ಜಾಹೀರಾತಿನಲ್ಲಿ 'ಗ್ರಾಹಕ ತೃಪ್ತಿಯಲ್ಲಿ ನಂಬರ್ ಒನ್' ಎಂದಿದ್ದರೆ ಯಾವ ತೃಪ್ತಿ ಎಂದು ಕೇಳಿ. ಕಾರು ಮಾಲೀಕರ ಅಭಿಪ್ರಾಯ ಕೇಳುವ ಅಮೆರಿಕದ ಜೆ.ಡಿ. ಪವರ್ ಸಂಸ್ಥೆಯೇ ಬೇರೆಬೇರೆ ಸಮೀಕ್ಷೆ ನಡೆಸುತ್ತದೆ. ಒಂದು ಕಾರು ಕೊಂಡ ಮೊದಲ 90 ದಿನಗಳದ್ದು. ಇನ್ನೊಂದು ಮೂರು ವರ್ಷ ಓಡಿಸಿದ ಮೇಲಿನದು, ನೂರು ಕಾರಿಗೆ ಎಷ್ಟು ತೊಂದರೆ ಎಂಬ ಎಣಿಕೆ. ಮತ್ತೊಂದು ಸರ್ವಿಸ್ ಸೆಂಟರಿನ ನಡವಳಿಕೆಯದು. ಭಾರತದಲ್ಲಿ ಈ ಸರ್ವಿಸ್ ತೃಪ್ತಿಯ ಪಟ್ಟಿಯಲ್ಲಿ ಮಾರುತಿ ಒಂದು ದಶಕಕ್ಕೂ ಹೆಚ್ಚು ಕಾಲ ಸತತವಾಗಿ ಮೊದಲ ಸ್ಥಾನದಲ್ಲಿತ್ತು. ಅಮೆರಿಕದ ಮೂರು ವರ್ಷದ ಪಟ್ಟಿಯಲ್ಲಿ ಟೊಯೊಟಾದ ಲೆಕ್ಸಸ್ ಮತ್ತೆ ಮತ್ತೆ ಮೇಲೆ ಬಂದಿದೆ. ಎರಡೂ ನಿಜ, ಆದರೆ ಎರಡೂ ಒಂದೇ ವಿಷಯವಲ್ಲ. ಮೊದಲನೆಯದು ಗಾಡಿ ಕೊಟ್ಟು ವಾಪಸ್ ತರುವ ಅನುಭವ ಹೇಗಿತ್ತು ಎನ್ನುತ್ತದೆ, ಎರಡನೆಯದು ಗಾಡಿ ಎಷ್ಟು ಸಲ ಕೈಕೊಟ್ಟಿತು ಎನ್ನುತ್ತದೆ.

ಅಮೆರಿಕದ ಗ್ರಾಹಕ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್ ಇನ್ನೊಂದು ಪ್ರಶ್ನೆ ಕೇಳುತ್ತದೆ: ಇದೇ ಕಾರನ್ನು ಮತ್ತೊಮ್ಮೆ ಕೊಳ್ಳುತ್ತೀರಾ? ನಾನು ಯಾರನ್ನಾದರೂ ವಿಚಾರಿಸುವಾಗ ಇದನ್ನೇ ಕೇಳುತ್ತೇನೆ. ಕೆಡದ ಕಾರೆಲ್ಲ ಪ್ರೀತಿ ಗಳಿಸುವುದಿಲ್ಲ, ಆಗಾಗ ರಿಪೇರಿ ಬೇಡುವ ಕಾರನ್ನೂ ಜನ ಬಿಡುವುದಿಲ್ಲ. 'ಹೌದು' ಎಂದವರನ್ನು ಏಕೆ ಎಂದು ಕೇಳಿದಾಗ ಬರುವ ಮಾತೇ ನಿಮಗೆ ಬೇಕಾದ ಮಾಹಿತಿ.

ಹೊಸ ಕಾರಿನ ಖುಷಿ ಮೋಸಮಾಡುತ್ತದೆ ಎನ್ನುವುದಕ್ಕೆ ಟೊಯೊಟಾದ ಎಟಿಯೋಸ್ ಒಳ್ಳೆಯ ಉದಾಹರಣೆ. 2010ರ ಕೊನೆಯಲ್ಲಿ ಬಂದಾಗ ಅದರ ಒಳಾಂಗಣ ನೋಡಿ ಮೂಗು ಮುರಿದವರೇ ಹೆಚ್ಚು. ಡ್ಯಾಶ್‌ಬೋರ್ಡಿನ ಮಧ್ಯದಲ್ಲಿ ಮೀಟರ್, ಸಾಧಾರಣ ಪ್ಲಾಸ್ಟಿಕ್, ಆ ಬೆಲೆಗೆ ಟೊಯೊಟಾದಿಂದ ಇದೇನಾ ಎಂಬ ನಿರಾಸೆ. ಆಮೇಲಿನ ಹತ್ತು ವರ್ಷ ಬೆಂಗಳೂರಿನ ವಿಮಾನ ನಿಲ್ದಾಣದ ರಸ್ತೆಯಲ್ಲಿ ಅತಿ ಹೆಚ್ಚು ಬೆವರು ಸುರಿಸಿದ ಕಾರುಗಳಲ್ಲಿ ಅದೂ ಒಂದು. ಅದರ 1.4 ಲೀಟರ್ ಡೀಸೆಲ್ ಎಂಜಿನ್ನನ್ನು ಇವತ್ತಿಗೂ ಕ್ಯಾಬ್ ಚಾಲಕರು ನೆನೆಸುತ್ತಾರೆ. ಮೊದಲ ತಿಂಗಳ ಸಮೀಕ್ಷೆಯಲ್ಲಿ ಸೋಲಬಹುದಾಗಿದ್ದ ಕಾರು ಏಳನೇ ವರ್ಷದಲ್ಲಿ ಗೆದ್ದಿತು.

ಟೊಯೊಟಾ: ತುಂಬ ವರ್ಷ ಇಟ್ಟುಕೊಳ್ಳುವವರಿಗೆ

ಈ ಕಂಪನಿ ನಮ್ಮ ನೆರೆಯದು. ಟೊಯೊಟಾ ಕಿರ್ಲೋಸ್ಕರ್ ಮೋಟಾರ್ 1997ರಲ್ಲಿ ನೋಂದಣಿಯಾಗಿ, 1999ರ ಕೊನೆಗೆ ಬಿಡದಿಯಲ್ಲಿ ಉತ್ಪಾದನೆ ಆರಂಭಿಸಿತು. 2000ದ ಜನವರಿಯಲ್ಲಿ ಕ್ವಾಲಿಸ್ ಬಂತು. ಇಂಡೊನೇಷ್ಯಾದಲ್ಲಿ ಟೊಯೊಟಾ ಮಾರುತ್ತಿದ್ದ ಕಿಜಾಂಗ್‌ನ ಹಳೆಯ ಅವತಾರ ಅದು, ನೋಟದಲ್ಲಿ ಡಬ್ಬಿ. ಆದರೂ ಎಂಟು-ಹತ್ತು ಜನರನ್ನು ತುಂಬಿಕೊಂಡು ಧರ್ಮಸ್ಥಳ, ತಿರುಪತಿ ಎಂದು ದಣಿಯದೆ ಓಡಿತು. ಇನ್ನೂ ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಅದನ್ನು ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದರು. ಆಗ ಹುಚ್ಚು ಸಾಹಸ ಎನಿಸಿದ್ದ ಆ ತೀರ್ಮಾನದ ಫಲ ಇವತ್ತು ರಾಜ್ಯದ ಪ್ರತಿ ಹೆದ್ದಾರಿಯಲ್ಲಿ ಕಾಣುತ್ತದೆ. ಇನ್ನೋವಾದ ಹೊಸ ತಲೆಮಾರುಗಳಾಗಿ 2016ರಲ್ಲಿ ಕ್ರಿಸ್ಟಾ, 2022ರ ಕೊನೆಯಲ್ಲಿ ಹೈಕ್ರಾಸ್. ಹೈಕ್ರಾಸ್ ಅನಾವರಣವಾದ ಕೆಲವೇ ದಿನಗಳಲ್ಲಿ ವಿಕ್ರಮ್ ಕಿರ್ಲೋಸ್ಕರ್ ತೀರಿಕೊಂಡರು. ಬಿಡದಿಗೆ ಟೊಯೊಟಾವನ್ನು ಕರೆತಂದವರು ಅವರು.

ಇನ್ನೋವಾ ಮಾಲೀಕರನ್ನು ಮಾತಾಡಿಸಿ ನೋಡಿ. ವೇಗದ ಬಗ್ಗೆ, ಪರದೆಯ ಗಾತ್ರದ ಬಗ್ಗೆ ಹೇಳುವವರು ಕಡಿಮೆ. 'ಎರಡೂವರೆ ಲಕ್ಷ ಕಿಲೋಮೀಟರ್ ಆಯ್ತು, ಎಂಜಿನ್ ಬಿಚ್ಚಿಲ್ಲ' ಎನ್ನುತ್ತಾರೆ. 'ಕೊಟ್ಟರೆ ಇಷ್ಟು ಬರುತ್ತೆ' ಎಂದು ಮರುಮಾರಾಟದ ಬೆಲೆ ಹೇಳುತ್ತಾರೆ. ಟೊಯೊಟಾದ ತೃಪ್ತಿ ಹೀಗೆ ತಡವಾಗಿ ಬರುವಂಥದ್ದು. ಕೊಳ್ಳುವಾಗ ಹೆಚ್ಚು ತೆತ್ತು, ಮಾರುವಾಗ ಅದರಲ್ಲಿ ಒಂದು ಪಾಲು ವಾಪಸ್ ಪಡೆಯುವ ಲೆಕ್ಕ. ಮೂರು ವರ್ಷಕ್ಕೊಮ್ಮೆ ಕಾರು ಬದಲಿಸುವವರಿಗೆ, ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಆ ಹೆಚ್ಚುವರಿ ಹಣ ದಕ್ಕುವುದಿಲ್ಲ. ಅವರು ಬೇರೆ ಕಡೆ ನೋಡುವುದೇ ಸರಿ.

ಕ್ರಿಸ್ಟಾವೋ ಹೈಕ್ರಾಸೋ ಎಂಬ ಚರ್ಚೆಯಲ್ಲಿ ನನ್ನ ನಿಲುವು ಸ್ಪಷ್ಟ. ಕ್ರಿಸ್ಟಾ ಲಾರಿಯಂತೆ ಚಾಸಿಯ ಮೇಲೆ ಕೂತ ಗಾಡಿ, 2.4 ಲೀಟರ್ ಡೀಸೆಲ್, ಹಿಂದಿನ ಚಕ್ರಗಳಿಗೆ ಬಲ. ಹೈಕ್ರಾಸ್ ಮೈ ಮತ್ತು ಚಾಸಿ ಒಂದೇ ಆದ ಮಾನೊಕಾಕ್ ಚೌಕಟ್ಟಿನದು, 2 ಲೀಟರ್ ಪೆಟ್ರೋಲ್, ಮುಂದಿನ ಚಕ್ರಗಳಿಗೆ ಬಲ. ಅದರ ಹೈಬ್ರಿಡ್ ಆವೃತ್ತಿಯಲ್ಲಿ ಎಂಜಿನ್ ಜೊತೆ ಬ್ಯಾಟರಿಯಿಂದ ಓಡುವ ವಿದ್ಯುತ್ ಮೋಟಾರ್ ಸಹ ಸೇರುತ್ತದೆ. ಪೂರ್ತಿ ಜನ, ತಲೆಯ ಮೇಲೆ ಲಗೇಜು, ಮಳೆಗಾಲದ ಕಡಿದಾದ ಕೆಸರು ದಾರಿ, ಅಂದರೆ ಮಲೆನಾಡಿನ ತೋಟದ ರಸ್ತೆ ನಿಮ್ಮ ನಿತ್ಯದ ಹಾದಿಯಾಗಿದ್ದರೆ ಕ್ರಿಸ್ಟಾವೇ ಸೈ. ಏರಿನಲ್ಲಿ ಭಾರ ಹಿಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ನೆಲ ಕಚ್ಚುತ್ತದೆ. ಬೆಂಗಳೂರಿನ ಒಳಗೆ ಓಡಾಟ, ವಾರಾಂತ್ಯಕ್ಕೆ ಮೈಸೂರು ಅಥವಾ ಮಂಗಳೂರು ಎನ್ನುವವರಿಗೆ ಹೈಕ್ರಾಸ್ ಹೈಬ್ರಿಡ್ ಎಲ್ಲ ರೀತಿಯಲ್ಲೂ ಮೇಲು. ಸದ್ದಿಲ್ಲ, ಎರಡನೇ ಸಾಲಿನಲ್ಲಿ ಕೂತ ಅಜ್ಜಿಗೆ ಓಲಾಟವಿಲ್ಲ, ಸಿಗ್ನಲ್ಲಿನಲ್ಲಿ ಪೆಟ್ರೋಲ್ ಉರಿಯುವುದಿಲ್ಲ. ಕಾರನ್ನು ಅಪ್ಪಳಿಸಿ ಸುರಕ್ಷತೆ ಅಳೆಯುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದಕ್ಕೆ ಐದು ಸ್ಟಾರ್ ಸಹ ಪಡೆದಿದೆ.

ಈ ಕಂಪನಿಯೂ ಎಡವಿದೆ. 2009-10ರಲ್ಲಿ ಕಾರು ತಾನಾಗಿ ವೇಗ ಹೆಚ್ಚಿಸಿಕೊಳ್ಳುತ್ತದೆ ಎಂಬ ದೂರುಗಳಿಂದ ಲಕ್ಷಾಂತರ ಗಾಡಿಗಳನ್ನು ವಾಪಸ್ ಕರೆಸಬೇಕಾಯಿತು. ಆಗಿನ ಅಧ್ಯಕ್ಷ ಅಕಿಯೊ ಟೊಯೋಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕ್ಷಮೆ ಕೇಳಿದರು. 2014ರಲ್ಲಿ ಕಂಪನಿ ಅಲ್ಲಿನ ಸರ್ಕಾರಕ್ಕೆ 120 ಕೋಟಿ ಡಾಲರ್ ದಂಡ ತೆತ್ತಿತು. 2024ರ ಜನವರಿಯಲ್ಲಿ ಡೀಸೆಲ್ ಎಂಜಿನ್ ಪ್ರಮಾಣೀಕರಣದ ಪರೀಕ್ಷೆಯಲ್ಲಿ ಅಕ್ರಮ ಹೊರಬಿದ್ದಾಗ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್‌ಗಳ ಸಾಗಣೆ ಭಾರತದಲ್ಲೂ ಕೆಲಕಾಲ ನಿಂತಿತು. ಎಂಜಿನ್ ಗಟ್ಟಿ ಎನ್ನುವುದು ಸುಳ್ಳಾಗಲಿಲ್ಲ. ಆದರೆ ಹೆಸರಿನ ಮೇಲೆ ಕಣ್ಣು ಮುಚ್ಚಿ ನಂಬಿಕೆ ಇಡಬಾರದು ಎನ್ನಲು ಇಷ್ಟು ಸಾಕು.

ಹೋಂಡಾ: ತಾವೇ ಓಡಿಸುವವರಿಗೆ

1998ರ ಆರಂಭದಲ್ಲಿ ಸಿಟಿ ಬಂದಾಗ ನಮ್ಮಲ್ಲಿ 'ಒಳ್ಳೆಯ ಕಾರು' ಎನ್ನುವುದರ ಅರ್ಥವೇ ಬದಲಾಯಿತು. ಅಲ್ಲಿಯವರೆಗೆ ಎಂಜಿನ್ ಎಂದರೆ ಎಳೆಯುವ ಯಂತ್ರ. ಸಿಟಿಯಲ್ಲಿ ಅದು ಹಾಡಿತು. ಕೊಂಡವರು ಎಂಜಿನಿಯರ್, ಡಾಕ್ಟರ್, ಆಗತಾನೆ ಚಿಗುರುತ್ತಿದ್ದ ಸಾಫ್ಟ್‌ವೇರ್ ಲೋಕದವರು. ಡ್ರೈವರ್ ಇಡದೆ ತಾವೇ ಸ್ಟಿಯರಿಂಗ್ ಹಿಡಿಯುವವರು. ಹೋಂಡಾದ ನಿಷ್ಠಾವಂತ ಮಾಲೀಕರು ಇವತ್ತಿಗೂ ಆ ವರ್ಗದವರೇ. ಸಿಟಿಯ ನಾಲ್ಕು ಸಿಲಿಂಡರಿನ 1.5 ಲೀಟರ್ ಪೆಟ್ರೋಲ್ ಎಂಜಿನ್ನಿನ ನಯ, ಹಿಂದಿನ ಸೀಟಿನ ವಿಶಾಲ, ಗೇರಿನ ಹಗುರ ಚಲನೆ, ಇವೇ ಅವರ ಮಾತು. ರಸ್ತೆಯ ಸದ್ದು ಒಳಗೆ ಬರುತ್ತದೆ, ಹಳ್ಳಿಯ ಉಬ್ಬುಗಳಿಗೆ ತಳ ತಾಗುತ್ತದೆ ಎಂಬುದೂ ಅವರೇ ಒಪ್ಪುವ ಕೊರತೆ. ಆದರೂ ಮತ್ತೆ ಕೊಳ್ಳುತ್ತೀರಾ ಎಂದರೆ 'ಇನ್ನೊಂದು ಸಿಟಿ' ಎನ್ನುವವರು ಬಹಳ.

ಅವರ ಅಸಮಾಧಾನ ಇರುವುದು ಕಾರಿನ ಮೇಲಲ್ಲ, ಕಂಪನಿ ಮಾಡಿದ ತೀರ್ಮಾನಗಳ ಮೇಲೆ. 2020ರ ಡಿಸೆಂಬರ್‌ನಲ್ಲಿ ಗ್ರೇಟರ್ ನೋಯಿಡಾದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿತು. ಅದರೊಂದಿಗೆ ಸಿವಿಕ್, ಸಿಆರ್-ವಿ ಹೋದವು. 2023ರಲ್ಲಿ ಜಾಝ್, ಡಬ್ಲ್ಯುಆರ್-ವಿ ಹಾಗೂ ಡೀಸೆಲ್ ಎಂಜಿನ್‌ಗಳು ಹೋದವು. ಈಗ ರಾಜಸ್ಥಾನದ ಟಪುಕರಾದಿಂದ ಬರುವ ಅಮೇಝ್, ಸಿಟಿ, ಎಲಿವೇಟ್ ಎಂಬ ಮೂರು ಕಾರುಗಳ ಮೇಲೆ ವ್ಯವಹಾರ ನಿಂತಿದೆ. ನಿಂತುಹೋದ ಮಾದರಿಗಳ ಮಾಲೀಕರಿಗೆ ಮರುಮಾರಾಟದಲ್ಲಿ ಪೆಟ್ಟು ಬೀಳುತ್ತದೆ. ನಿಮ್ಮದು ಸಿಟಿ ಆದರೆ ಇಪ್ಪತ್ತೈದು ವರ್ಷ ನಿರಂತರವಾಗಿ ಬಂದ ಹೆಸರು, ಚಿಂತೆ ಕಡಿಮೆ. (ಹೋಂಡಾದ ಕರ್ನಾಟಕದ ನಂಟು ದೊಡ್ಡದೇ, ಆದರೆ ಅದು ಎರಡು ಚಕ್ರದ್ದು: ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2013ರಿಂದ ಸ್ಕೂಟರ್, ಬೈಕ್ ತಯಾರಾಗುತ್ತಿವೆ.)

ಸಿಟಿ ಹೈಬ್ರಿಡ್ ಬಗ್ಗೆ ಒಂದು ಮಾತು. ನಿಧಾನ ವೇಗದಲ್ಲಿ ಮೋಟಾರೇ ಚಕ್ರ ತಿರುಗಿಸುತ್ತದೆ, ಎಂಜಿನ್ ವಿದ್ಯುತ್ ಉತ್ಪಾದಿಸುತ್ತದೆ. ಹೆದ್ದಾರಿಯ ವೇಗದಲ್ಲಿ ಎಂಜಿನ್ ನೇರವಾಗಿ ಚಕ್ರಕ್ಕೆ ಸೇರುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ಕಡೆ ದಿನವೂ ನಿಲ್ಲುವವರಿಗೆ ಇದು ವರ. ಬೆಲೆ ಜಾಸ್ತಿ, ಬ್ಯಾಟರಿ ಜಾಗ ತಿಂದು ಡಿಕ್ಕಿ 506 ಲೀಟರಿನಿಂದ 306ಕ್ಕೆ ಇಳಿಯುತ್ತದೆ. ಊರಿಗೆ ಹೋಗುವಾಗ ಅಕ್ಕಿ ಮೂಟೆ, ತೆಂಗಿನಕಾಯಿ ತರುವ ಕುಟುಂಬಕ್ಕೆ ಆ 200 ಲೀಟರ್ ಸಣ್ಣ ನಷ್ಟವಲ್ಲ.

ಮಾರುತಿ ಸುಜುಕಿ: ಎಲ್ಲಿ ಹೋದರೂ ಕೈಗೆ ಸಿಗುವ ನೆಮ್ಮದಿ

ದೇಶದಲ್ಲಿ ಮಾರಾಟವಾಗುವ ಹತ್ತು ಕಾರುಗಳಲ್ಲಿ ಸುಮಾರು ನಾಲ್ಕು ಈ ಕಂಪನಿಯವು. ಸರ್ವಿಸ್ ಕೇಂದ್ರಗಳು 5,000 ದಾಟಿವೆ. ಬೀದರ್‌ನಲ್ಲಿರಿ, ಕಾರವಾರದಲ್ಲಿರಿ, ಕೊಳ್ಳೇಗಾಲದಲ್ಲಿರಿ, ಅಧಿಕೃತ ಕೇಂದ್ರ ದೂರವಿದ್ದರೂ ಮಾರುತಿ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಬಸ್‌ಸ್ಟ್ಯಾಂಡಿನ ಹಿಂದೆ ಸಿಗುತ್ತಾನೆ, ಬಿಡಿಭಾಗ ಅಂಗಡಿಯಲ್ಲಿರುತ್ತದೆ. ಮಾರುತಿ ಮಾಲೀಕರ ತೃಪ್ತಿಯೆಂದರೆ ಇದೇ ನಿಶ್ಚಿಂತೆ. ಸ್ವಿಫ್ಟ್, ವ್ಯಾಗನ್ ಆರ್, ಡಿಝೈರ್, ಎರ್ಟಿಗಾ ಯಾವುದನ್ನೇ ತೆಗೆದುಕೊಳ್ಳಿ, ಮಾಲೀಕರು ಹೇಳುವುದು ತಿಂಗಳ ಖರ್ಚಿನ ಬಗ್ಗೆ. ಕಂಪನಿಯಿಂದಲೇ ಅಳವಡಿಸಿದ ಸಿಎನ್‌ಜಿ ಬೇಕೆನ್ನುವವರಿಗೆ ಇಲ್ಲಿರುವಷ್ಟು ಆಯ್ಕೆ ಉಳಿದ ಇಬ್ಬರಲ್ಲಿ ಇಲ್ಲ.

ಹಗುರ ಮಾಡಿ ಮೈಲೇಜ್ ಕೊಡುವ ಆ ಹಮಾಮಾತ್ಸು ಲೆಕ್ಕಾಚಾರಕ್ಕೆ ಇನ್ನೊಂದು ಮುಖವೂ ಇದೆ. 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಪರೀಕ್ಷೆಯಲ್ಲಿ ಎಸ್-ಪ್ರೆಸ್ಸೊಗೆ ಸೊನ್ನೆ ಸ್ಟಾರ್ ಬಂತು, 2022ರಲ್ಲಿ ಸ್ವಿಫ್ಟ್‌ಗೆ ಒಂದು. ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ವಾಹನದ ವಿಷಯದಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಲು ನನಗೆ ಮನಸ್ಸಿಲ್ಲ. ಆಮೇಲೆ ಕಂಪನಿ ಬದಲಾಯಿತು: 2024ರ ನವೆಂಬರ್‌ನಲ್ಲಿ ಹೊಸ ಡಿಝೈರ್ ವಯಸ್ಕರ ರಕ್ಷಣೆಯಲ್ಲಿ ಐದು ಸ್ಟಾರ್ ಪಡೆಯಿತು. ಸುರಕ್ಷತೆಯನ್ನು ಬ್ರ್ಯಾಂಡಿನ ಹೆಸರಿನಲ್ಲಿ ಅಳೆಯಬೇಡಿ. ಗಟ್ಟಿ ಎನಿಸಿಕೊಂಡಿದ್ದ ಹೋಂಡಾದ ಎರಡನೇ ತಲೆಮಾರಿನ ಅಮೇಝ್‌ಗೇ 2024ರ ಮರುಪರೀಕ್ಷೆಯಲ್ಲಿ ಎರಡು ಸ್ಟಾರ್ ಬಂದದ್ದು. ನೀವು ಕೊಳ್ಳುವ ಮಾದರಿ, ಅದರ ತಲೆಮಾರು, ಪರೀಕ್ಷೆ ನಡೆದ ವರ್ಷ, ಈ ಮೂರನ್ನೂ ಹೊಂದಿಸಿ ನೋಡಿ. ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ, ಫಲಿತಾಂಶ ಎಲ್ಲರಿಗೂ ಮುಕ್ತ.

ಮಾಲೀಕರ ತೃಪ್ತಿ ಕಾರಿನೊಳಗೆ ಮಾತ್ರ ಇರುವುದಲ್ಲ ಎನ್ನಲು ಜಿಮ್ನಿ ಸಾಕ್ಷಿ. ಗುರುಗ್ರಾಮದಲ್ಲಿ ತಯಾರಾಗುವ ಐದು ಬಾಗಿಲ ಜಿಮ್ನಿಗೆ ಇಲ್ಲಿ ನಿರೀಕ್ಷಿಸಿದ ಬೇಡಿಕೆ ಬರಲಿಲ್ಲ. ಅದೇ ಕಾರು 2025ರ ಜನವರಿಯಲ್ಲಿ ಜಪಾನಿಗೆ ಹೋದಾಗ ಕೆಲವೇ ದಿನಗಳಲ್ಲಿ ಸುಮಾರು 50,000 ಬುಕಿಂಗ್ ಬಂದು, ಬುಕಿಂಗನ್ನೇ ನಿಲ್ಲಿಸಬೇಕಾಯಿತು. ನಾವು ಅದರಲ್ಲಿ ಕುಟುಂಬದ ಎಸ್‌ಯುವಿ ಹುಡುಕಿದೆವು, ಅವರು ಹಿಮ ಮತ್ತು ಕಾಡುದಾರಿಯ ಪುಟ್ಟ ಸಂಗಾತಿಯನ್ನು ಹುಡುಕಿದರು. ಸಕಲೇಶಪುರ, ಕೊಡಗಿನ ತೋಟದವರು ಜಿಮ್ನಿಯನ್ನು ಮೆಚ್ಚುವುದೂ ಜಪಾನಿಯರ ಕಾರಣಕ್ಕೇ.

ಒಂದೇ ಕಾರು, ಎರಡು ಲಾಂಛನ

ಈಗ ಅತಿ ಹೆಚ್ಚು ಗೊಂದಲ ಇರುವ ಜಾಗಕ್ಕೆ ಬರೋಣ. 2018ರಲ್ಲಿ ಟೊಯೊಟಾ ಮತ್ತು ಸುಜುಕಿ ಭಾರತದಲ್ಲಿ ಪರಸ್ಪರ ಕಾರು ಒದಗಿಸಿಕೊಳ್ಳಲು ಒಪ್ಪಿದವು, ಮರುವರ್ಷ ಒಂದಕ್ಕೊಂದು ಸಣ್ಣ ಪಾಲನ್ನೂ ಕೊಂಡವು. 2019ರ ಗ್ಲಾಂಝಾ ಎಂದರೆ ಬಲೇನೊ. ರುಮಿಯಾನ್ ಎಂದರೆ ಎರ್ಟಿಗಾ. ಟೈಸರ್ ಎಂದರೆ ಫ್ರಾಂಕ್ಸ್. ಇವು ಸುಜುಕಿಯ ಎಂಜಿನ್, ಸುಜುಕಿಯ ಕಾರ್ಖಾನೆ. ಮುಂದಿನ ಮುಖ ಮತ್ತು ಲಾಂಛನ ಟೊಯೊಟಾದವು. ಉಲ್ಟಾ ದಿಕ್ಕಿನಲ್ಲಿ ಮಾರುತಿಯ ಇನ್ವಿಕ್ಟೊ ಬಿಡದಿಯಲ್ಲಿ ತಯಾರಾಗುವ ಹೈಕ್ರಾಸ್. ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾ ಜೋಡಿಯ ಉತ್ಪಾದನೆ ಶುರುವಾದದ್ದೂ 2022ರಲ್ಲಿ ಬಿಡದಿಯಲ್ಲೇ.

ಗ್ಲಾಂಝಾ ಕೊಂಡರೆ ಇನ್ನೋವಾದ ಗಟ್ಟಿತನ ಬರುತ್ತದೆ ಎಂದು ನಂಬಿ ಹೆಚ್ಚು ಹಣ ತೆರಬೇಡಿ. ಲೋಹ, ಎಂಜಿನ್, ಗೇರ್ ಎಲ್ಲ ಬಲೇನೊದ್ದೇ. ಹಾಗಾದರೆ ಆಯ್ಕೆ ಯಾವುದರ ಮೇಲೆ? ಮೂರು ವಿಷಯ ತೂಗಿ: ನಿಮ್ಮ ಊರಿನ ಸರ್ವಿಸ್ ಸೆಂಟರ್ ಯಾವುದರದು ಒಳ್ಳೆಯದು, ಯಾವುದು ಬೇಗ ಸಿಗುತ್ತದೆ, ಎರಡು ಕಡೆಯ ಅಂತಿಮ ಆನ್‌ರೋಡ್ ಬೆಲೆಯ ವ್ಯತ್ಯಾಸ ಎಷ್ಟು. ಮಾರುತಿ 2024ರಲ್ಲಿ ಮೂಲ ವಾರಂಟಿಯನ್ನು ಮೂರು ವರ್ಷ ಅಥವಾ 1 ಲಕ್ಷ ಕಿಲೋಮೀಟರಿಗೆ ಏರಿಸಿದ ಮೇಲೆ ಟೊಯೊಟಾದ ಒಂದು ದೊಡ್ಡ ಅನುಕೂಲ ಸಮವಾಯಿತು. ಜಿಲ್ಲಾ ಕೇಂದ್ರದಿಂದ ದೂರದ ತಾಲ್ಲೂಕಿನಲ್ಲಿದ್ದರೆ ಬಲೇನೊ ಎನ್ನುತ್ತೇನೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿದ್ದು ಜನಜಂಗುಳಿಯಿಲ್ಲದ ಸರ್ವಿಸ್ ಸೆಂಟರ್ ಬೇಕೆಂದರೆ ಗ್ಲಾಂಝಾ.

ಹೈರೈಡರ್-ವಿಟಾರಾದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎರಡರಲ್ಲೂ ಎರಡು ಬಗೆ ಎಂಜಿನ್. ಸಾಮಾನ್ಯ ಪೆಟ್ರೋಲ್ ಸುಜುಕಿಯದು. ಅದಕ್ಕೆ 'ಮೈಲ್ಡ್ ಹೈಬ್ರಿಡ್' ಎಂಬ ಹೆಸರಿದ್ದರೂ ಬರೀ ಮೋಟಾರಿನ ಬಲದಿಂದ ಕಾರು ಓಡುವುದಿಲ್ಲ. 'ಸ್ಟ್ರಾಂಗ್ ಹೈಬ್ರಿಡ್' ಟೊಯೊಟಾದ ಮೂರು ಸಿಲಿಂಡರ್ ಎಂಜಿನ್ ಮತ್ತು 1997ರ ಪ್ರಿಯಸ್ ಹೈಬ್ರಿಡ್ ಕಾರಿನಿಂದ ಬೆಳೆದುಬಂದ ತಂತ್ರ. ಕಂಪನಿ ಹೇಳುವ ಮೈಲೇಜ್ ಲೀಟರಿಗೆ 27.97 ಕಿಲೋಮೀಟರ್, ರಸ್ತೆಯಲ್ಲಿ ಅಷ್ಟು ನಿರೀಕ್ಷಿಸಬೇಡಿ, ಆದರೆ ನಗರದ ದಟ್ಟಣೆಯಲ್ಲಿ ಸಾಮಾನ್ಯ ಪೆಟ್ರೋಲಿಗಿಂತ ತುಂಬಾ ಮುಂದಿರುತ್ತದೆ. ಟೊಯೊಟಾ ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇದೆ. ತಿಂಗಳಿಗೆ ಸಾವಿರ ಕಿಲೋಮೀಟರಿಗಿಂತ ಹೆಚ್ಚು, ಅದೂ ನಗರದಲ್ಲಿ ಓಡಿಸುವವರು ಮಾತ್ರ ಈ ಹೆಚ್ಚುವರಿ ಬೆಲೆ ಕೊಡಲಿ. ಚಿತ್ರದುರ್ಗ-ಹುಬ್ಬಳ್ಳಿ ಹೆದ್ದಾರಿಯಲ್ಲೇ ಬಹುಪಾಲು ಓಡುವವರಿಗೆ ಹೈಬ್ರಿಡ್‌ನ ಲಾಭ ಕರಗುತ್ತದೆ.

ಉಳಿದ ಜಪಾನಿಗಳು

ನಿಸಾನ್ ದತ್ಸುನ್ ಹೆಸರನ್ನು ಮತ್ತೆ ತಂದು 2022ರಲ್ಲಿ ಮುಚ್ಚಿತು. ಮಿತ್ಸುಬಿಷಿಯ ಲ್ಯಾನ್ಸರ್, ಪಜೇರೊಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ಇಂದು ಬಿಡಿಭಾಗಕ್ಕೆ ಅಲೆಯುತ್ತಾರೆ. ಇಸುಜು ಪಿಕಪ್ ಗಟ್ಟಿಯಾದದ್ದು, ಆದರೆ ತೋಟ, ಕೆಲಸ, ಸಾಹಸ ಎನ್ನುವವರಿಗೆ ಮಾತ್ರ.

ವಿದೇಶದಲ್ಲಿರುವ ಕನ್ನಡಿಗರಿಗೆ ಆಯ್ಕೆಯ ಚಿತ್ರವೇ ಬೇರೆ. ಅಮೆರಿಕದಲ್ಲಿ ಸುಜುಕಿ 2012ರಲ್ಲೇ ಕಾರು ಮಾರಾಟದಿಂದ ಹಿಂದೆ ಸರಿಯಿತು. ಅಲ್ಲಿ ಕ್ಯಾಮ್ರಿಯೋ ಅಕಾರ್ಡೋ, ರ‍್ಯಾವ್4ಓ ಸಿಆರ್-ವಿಯೋ ಎಂಬುದೇ ಪ್ರಶ್ನೆ. ಮೇಲೆ ಹೇಳಿದ ಗುಣಭೇದ ಅಲ್ಲೂ ಹಾಗೆಯೇ ಅನ್ವಯಿಸುತ್ತದೆ.

ಬೆಲೆ, ತೆರಿಗೆ, ಇಂಧನ

2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1,200 ಸಿಸಿ ಮೀರದ ಪೆಟ್ರೋಲ್ ಕಾರುಗಳ ಜಿಎಸ್‌ಟಿ 18%ಕ್ಕೆ ಇಳಿದಿದೆ. ದೊಡ್ಡ ಕಾರುಗಳಿಗೆ 40%, ಸೆಸ್ ಇಲ್ಲ. ಹಾಗಾಗಿ ಡಿಝೈರ್ ಮತ್ತು ಅಮೇಝ್ ಒಂದು ಕಡೆ, ಸಿಟಿ ಮತ್ತು ಎಲಿವೇಟ್ ಇನ್ನೊಂದು ಕಡೆ ನಿಂತಿವೆ. ಇದರ ಮೇಲೆ ಕರ್ನಾಟಕದ ರಸ್ತೆ ತೆರಿಗೆ, ದೇಶದಲ್ಲೇ ದುಬಾರಿಯಾದವುಗಳಲ್ಲಿ ಒಂದು. ಪೆಟ್ರೋಲ್, ಡೀಸೆಲ್ ಕಾರಿನ ಬೆಲೆ 10 ಲಕ್ಷ ದಾಟಿದರೆ ದರ 14%ದಿಂದ 17%ಕ್ಕೆ, 20 ಲಕ್ಷ ದಾಟಿದರೆ 18%ಕ್ಕೆ ಏರುತ್ತದೆ, ಮೇಲೆ ಉಪಕರವೂ ಇದೆ. 9.9 ಲಕ್ಷದ ಮತ್ತು 10.2 ಲಕ್ಷದ ಎರಡು ಆವೃತ್ತಿಗಳ ನಡುವೆ ಇದ್ದೀರಿ ಎಂದರೆ ಆ ಮೂವತ್ತು ಸಾವಿರದ ವ್ಯತ್ಯಾಸ ರಸ್ತೆಗಿಳಿಯುವಾಗ ಎರಡು ಪಟ್ಟು ದಾಟಿರುತ್ತದೆ. ಸನ್‌ರೂಫಿಗಾಗಿ ಆ ಗೆರೆ ದಾಟುವ ಮೊದಲು ಯೋಚಿಸಿ.

ಡೀಸೆಲ್ ಬೇಕೇಬೇಕು ಎನ್ನುವವರಿಗೆ ಈ ಮೂವರಲ್ಲಿ ಉಳಿದಿರುವುದು ಟೊಯೊಟಾ ಒಂದೇ. ಮಾರುತಿ 2020ರಲ್ಲಿ ಬಿಎಸ್6 ಎಂಬ ಹೊಗೆಯ ನಿಯಮ ಬಂದಾಗಲೇ ಬಿಟ್ಟಿತು. 20% ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಗ್ಗೆ ಚಿಂತಿಸುವವರಿಗೆ: 2009ರಿಂದೀಚೆಗಿನ ತನ್ನ ಕಾರುಗಳ ಭಾಗಗಳು ಇ20ಗೆ ತಾಳುತ್ತವೆ ಎಂದು ಹೋಂಡಾ ಹೇಳಿದೆ. ಇತರ ಹಳೆಯ ಕಾರು ಕೊಳ್ಳುವಾಗ ಮಾಲೀಕರ ಕೈಪಿಡಿಯಲ್ಲಿ ಅಥವಾ ಪೆಟ್ರೋಲ್ ಮುಚ್ಚಳದ ಒಳಗೆ ಬರೆದದ್ದನ್ನು ಓದಿ.

ಹಳೆಯ ಕಾರು ಕೊಳ್ಳುವವರಿಗೆ

ಹಳೆಯ ಇನ್ನೋವಾ ಎಂದರೆ ಮೊದಲು ಅದು ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದ ಗಾಡಿಯೇ ಎಂದು ಆರ್‌ಸಿಯಲ್ಲಿ ನೋಡಿ. ಕಿಲೋಮೀಟರ್ ಮೀಟರನ್ನು ನಂಬದೆ ಸರ್ವಿಸ್ ದಾಖಲೆಯೊಂದಿಗೆ ತಾಳೆ ಹಾಕಿ. ಬ್ರೇಕ್ ಪೆಡಲ್, ಸ್ಟಿಯರಿಂಗ್ ಸವೆದ ಬಗೆಯೂ ನಿಜ ಹೇಳುತ್ತದೆ. ಹಳೆಯ ಸಿಟಿ ಆಟೊಮ್ಯಾಟಿಕ್ ಆದರೆ ಗೇರ್‌ಬಾಕ್ಸಿನ ಆಯಿಲ್ ಹೊತ್ತುಹೊತ್ತಿಗೆ ಬದಲಿಸಿದ ಬಿಲ್ ಕೇಳಿ, ತಳದಲ್ಲಿ ತಾಗಿದ ಗಾಯಗಳನ್ನು ಲಿಫ್ಟಿಗೆ ಏರಿಸಿಯೇ ನೋಡಿ. ಹೋಂಡಾದ ಹಳೆಯ ಕಾರುಗಳಲ್ಲಿ ತಕಾಟಾ ಕಂಪನಿಯ ಏರ್‌ಬ್ಯಾಗ್‌ನ ದೋಷಕ್ಕಾಗಿ ಜಗತ್ತಿನಾದ್ಯಂತ ವಾಪಸಾತಿ ನಡೆದಿದೆ, ಭಾರತದಲ್ಲೂ ನಡೆಯಿತು. ಮಾರುತಿಯೂ 2021ರಲ್ಲಿ ಮೋಟಾರ್ ಜನರೇಟರ್ ಘಟಕದ ಪರೀಕ್ಷೆಗಾಗಿ 1.8 ಲಕ್ಷಕ್ಕೂ ಹೆಚ್ಚು ಪೆಟ್ರೋಲ್ ಕಾರುಗಳನ್ನು ಕರೆಸಿತ್ತು. ಚಾಸಿ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿದರೆ ಆ ಕಾರಿಗೆ ಬಾಕಿ ಕೆಲಸ ಉಳಿದಿದೆಯೇ ಎಂದು ತಿಳಿಯುತ್ತದೆ. ಉಳಿದಿದ್ದರೆ ಅಧಿಕೃತ ಕೇಂದ್ರದಲ್ಲಿ ಅದನ್ನು ಹಣ ತೆಗೆದುಕೊಳ್ಳದೆ ಮಾಡಿಕೊಡುತ್ತಾರೆ. ಮುಂಗಡ ಕೊಡುವ ಮೊದಲೇ ಇದನ್ನು ಮಾಡಿಸಿಕೊಡಲು ಮಾರುವವರನ್ನು ಕೇಳಿ.